ಕಟ್ಟದ ಯಂತ್ರಕ್ಕಾಗಿ ಹಲಸೂರಿನಲ್ಲಿ

“ನೀವ್ ಕೆಲ್ಸ ಮಾಡೋದು ಕೆಳ್ಗಾ, ಮೇಲಾ?”

ಹಲಸೂರಿನಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಹೋದಾಗ ಮನೆಯ ಒಡತಿ ನನಗೆ ಹಾಕಿದ ಮೊದಲ ಪ್ರಶ್ನೆ ಇದು. ಜಾತಿ ಯಾವುದು, ಗಂಡ ಯಾಕೆ ಜೊತೆಗಿಲ್ಲ, ಮನೆಗೆ ಯಾರು ಯಾರು ಬರುತ್ತಾರೆ, ಇವೆಲ್ಲಕ್ಕೂ ಗದಗಿನಿಂದ ಹೊರಟ ರೈಲಿನಲ್ಲೇ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಕೆಳಗೋ ಮೇಲೋ ಎಂದು ಕೇಳುವವರಿರುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಕೆಳಗ ಅಂದ್ರ?” ಎಂದೆ.

“ಕೆಳ್ಗೆ ಅಂದ್ರೆ ಭೂಮಿ ಒಳ್ಗೆ. ಮೇಲೆ ಅಂದ್ರೆ ಆಫೀಸು, ವರ್ಕ್‌ಶಾಪು.”

ಆಕೆಯ ಹೆಸರು ಧನಮ್ಮ. ಕೋಲಾರದ ಚಿನ್ನದ ಗಣಿಯ ಮಾರಿಕುಪ್ಪಂನಲ್ಲಿ ಹುಟ್ಟಿ, ಗಣಿ ಕೆಲಸದವರನ್ನೇ ಮದುವೆಯಾಗಿ, ಗಂಡನ ಎದೆಯಲ್ಲಿ ಕಲ್ಲಿನ ಧೂಳು ಕೂತು ಉಸಿರು ಕಟ್ಟತೊಡಗಿದಾಗ ಅಣ್ಣನ ಆಸರೆಗೆಂದು ಹಲಸೂರಿಗೆ ಬಂದವರು. ಗಂಡ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಅವರು ಬೆಳೆದ ಕಡೆ ಮನುಷ್ಯರಲ್ಲಿ ಎರಡೇ ಬಗೆ: ದಿನಾ ಇಳಿಯುವವರು, ಮೇಲೆ ಉಳಿಯುವವರು. ಬಾಡಿಗೆಯವರ ವಿಷಯದಲ್ಲಿ ಅವರಿಗೆ ಮುಖ್ಯವಾಗಿ ತಿಳಿಯಬೇಕಾದದ್ದು ಅದೇ ಆಗಿತ್ತು.

“ನಾನು ಮೇಲೆ. ಯಂತ್ರ ಮಾತ್ರ ಕೆಳಗೆ,” ಎಂದೆ.

“ಎಲ್ಲೈತೆ ಯಂತ್ರ?”

“ಇನ್ನೂ ಕಟ್ಟಿಲ್ಲ.”

“ಎಲ್ಲಿ ಕಟ್ತಾರೆ?”

“ಅದೂ ಇನ್ನೂ ಗೊತ್ತಿಲ್ಲ.”

ಧನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸಂಬ್ಳ ಕೊಡ್ತಾರಲ್ಲ?” ಕೊಡುತ್ತಾರೆ ಎಂದೆ. ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಮಹಡಿಯ ಮೇಲೆ ಎರಡು ಕೋಣೆ, ಶೀಟಿನ ಮಾಡು, ಹೊರಗಿನಿಂದ ಸುತ್ತಿ ಸುತ್ತಿ ಹತ್ತುವ ಕಬ್ಬಿಣದ ಮೆಟ್ಟಿಲು. 2001ರ ಮುಂಗಾರಿನಲ್ಲಿ ನಾನು ಹೀಗೆ ಹಲಸೂರಿನವಳಾದೆ.

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆದುಕೊಡಬೇಕೆಂದು ಸಂಪಾದಕರು ಕೇಳಿದ್ದಾರೆ. ಓದುವ ನಿಮ್ಮಲ್ಲಿ ಕೆಲವರ ಅಕ್ಕಂದಿರು ಅಣ್ಣಂದಿರು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನನ್ನಿಂದ ಬೈಸಿಕೊಂಡವರು. ನೀಲಾ ಮೇಡಂ ಕೆಲಸ ಬಿಟ್ಟು ಬೆಂಗಳೂರಿಗೆ ಯಾಕೆ ಓಡಿದಳು ಎಂಬ ಬಗ್ಗೆ ಗದಗಿನಲ್ಲಿ ಒಂದೊಂದು ಓಣಿಗೆ ಒಂದೊಂದು ಕಥೆ ಇದೆ. ನನ್ನ ಕಥೆಯನ್ನೂ ಒಮ್ಮೆ ಕೇಳಿ.

ಮೊದಲು ಕೆಲಸದ ಮಾತು. ಜಗತ್ತು ಯಾವುದರಿಂದ ಆಗಿದೆ ಎಂದು ತಿಳಿಯಲು ಸಣ್ಣ ಕಣಗಳನ್ನು ಬಹಳ ವೇಗದಲ್ಲಿ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯಲ್ಲಿ ಹೊಸ ಕಣ ಹುಟ್ಟಿದರೆ ನಮಗೆ ಗೊತ್ತಿರದ ಒಂದು ನಿಯಮದ ಬಾಲ ಕೈಗೆ ಸಿಕ್ಕಂತೆ. ಇದಕ್ಕೆ ಬೇಕಾದ ದೊಡ್ಡದೊಂದು ಉಂಗುರದ ಯಂತ್ರವನ್ನು ಆಗ ಪರದೇಶದಲ್ಲಿ ನೆಲದಡಿ ಕಟ್ಟುತ್ತಿದ್ದರು. ನಮ್ಮ ಕೆಲಸ ಅದರದ್ದಲ್ಲ, ಅದರ ನಂತರದ ಯಂತ್ರದ್ದು. ಅದರಲ್ಲಿ ಓಡಿಸುವುದು ಎಲೆಕ್ಟ್ರಾನುಗಳನ್ನು; ಬಾಗಿದ ದಾರಿಯಲ್ಲಿ ಅವು ಶಕ್ತಿ ಕಳೆದುಕೊಳ್ಳುವುದರಿಂದ ಆ ಮುಂದಿನ ಯಂತ್ರ ನೆಟ್ಟಗಿರಬೇಕು, ಹತ್ತಾರು ಕಿಲೋಮೀಟರು ನೇರ ಸುರಂಗ. ಎಷ್ಟು ಉದ್ದ, ಎಷ್ಟು ಶಕ್ತಿ, ಏನನ್ನು ನೋಡಲು ಸಾಧ್ಯ, ಯಾವುದು ಅಸಾಧ್ಯ ಎಂದು ಮೊದಲೇ ಲೆಕ್ಕ ಹಾಕದಿದ್ದರೆ ಯಾವ ಸರಕಾರ ತಾನೇ ನೆಲ ಅಗೆಯುತ್ತದೆ? ಆ ಲೆಕ್ಕ ಹಾಕುವವರು ಜಗತ್ತಿನ ತುಂಬ ಚದುರಿದ್ದರು. ಅವರಲ್ಲಿ ಒಂದು ಪುಟ್ಟ ಗುಂಪು ಇಂದಿರಾನಗರದ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ಕೂತಿತ್ತು. ನಾನು ಕಾಲೇಜಿನಿಂದ ಮೂರು ವರ್ಷದ ರಜೆ ಪಡೆದು ಅಲ್ಲಿ ಸೇರಿದೆ.

ನನ್ನ ದೊಡ್ಡತ್ತೆ ಇದನ್ನೆಲ್ಲ ಕೇಳಿ, “ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಸ್ಯಾರಂತ,” ಎಂದರು. ನಮಗೆ ಮಕ್ಕಳಿಲ್ಲ. ಆ ಮಾತು ಎರಡೂ ಕಡೆ ತಾಗುವಂತೆ ಅವರು ಆಡಿದರೋ, ಬಾಯಿಗೆ ಬಂದ ಗಾದೆ ಆಡಿದರೋ ನನಗೆ ಇವತ್ತಿಗೂ ತಿಳಿಯದು. ನಾನಂತೂ ಅವತ್ತು ಅಳುತ್ತಾ ಚೀಲ ಕಟ್ಟಿದೆ.

ಹೊಸ ಊರಿನಲ್ಲಿ ನನ್ನ ಮೊದಲ ಪೇಚು ನೀರಿನದು. ಗದಗಿನಲ್ಲಿ ನಳ ಬರುವುದು ಯಾವಾಗಲೋ ಒಮ್ಮೆ. ಬಂದಾಗ ಕೊಡ, ಹಂಡೆ, ಪಾತೇಲಿ, ಕೊನೆಗೆ ಊಟದ ತಾಟಿನವರೆಗೆ ತುಂಬಿಸುವವರು ನಾವು. ಹಲಸೂರಿನಲ್ಲಿ ದಿನ ಬಿಟ್ಟು ದಿನ ಬೆಳಗಿನ ಜಾವ ನೀರು ಬರುತ್ತಿತ್ತು. ಮೊದಲ ವಾರ ನಾನು ಮೆಟ್ಟಿಲ ಮೇಲೆಲ್ಲ ಪಾತ್ರೆ ಇಟ್ಟು ತುಂಬಿಸಿದ್ದನ್ನು ನೋಡಿ ಧನಮ್ಮ ನಕ್ಕರು. “ಏನ್ ಟೀಚರಮ್ಮ, ಮನೇಲಿ ಮದ್ವೇನಾ?” ನಾನು ಮೇಷ್ಟ್ರಮ್ಮ ಆಗಿದ್ದವಳೆಂದು ತಿಳಿದಂದಿನಿಂದ ಅವರಿಗೆ ನಾನು ಟೀಚರಮ್ಮ. ನೀರು ನಾಡಿದ್ದು ಮತ್ತೆ ಬರುತ್ತದೆ ಎಂದು ನಂಬಲು ನನಗೆ ಆರು ತಿಂಗಳು ಹಿಡಿಯಿತು.

ಎರಡನೆಯದು ಮೂಗಿನದು. ಕೆಳಗಿನ ಮನೆಯಲ್ಲಿ ಕರುವಾಡು ಹುರಿದ ದಿನ, ಕರುವಾಡು ಎಂದರೆ ತಮಿಳಿನಲ್ಲಿ ಒಣಮೀನು, ನಾನು ಕಿಟಕಿ ಮುಚ್ಚಿ ತಲೆಗೆ ಸೆರಗು ಕಟ್ಟಿಕೊಂಡು ಕೂರುತ್ತಿದ್ದೆ. ಲಿಂಗಾಯತರ ಮನೆಯಲ್ಲಿ ಹುಟ್ಟಿದ ನನಗೆ ಅದು ಮೊದಲ ಪರಿಚಯ. ಒಂದು ದಿನ ನಾನು ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಧನಮ್ಮ ಹತ್ತಿ ಬಂದು ಬಾಗಿಲಲ್ಲಿ ನಿಂತು, “ಸುವರ್ ಬಿದ್ದೋಗತ್ತಾ ನೋಡೋಣಾಂತ ಬಂದೆ. ಅದೇನು ಹಿಂಗೆ ಬಡೀತೀರಾ?” ಎಂದರು. ಸುವರ್ ಎಂದರೆ ಗೋಡೆ. ಅವರಿಗೆ ನನ್ನ ಸದ್ದು, ನನಗೆ ಅವರ ವಾಸನೆ. ಇಬ್ಬರೂ ಸಹಿಸಿಕೊಳ್ಳುವುದೆಂದು ಅವತ್ತು ಬಾಯಿ ಬಿಟ್ಟು ಹೇಳದೆ ಒಪ್ಪಂದವಾಯಿತು. ಎಣ್ಣೆಗಾಯಿ ಪಲ್ಯವನ್ನು ಅವರು ಒಪ್ಪಿದರು, ರೊಟ್ಟಿಯನ್ನು ಇವತ್ತಿಗೂ ಒಪ್ಪಿಲ್ಲ.

ಭಾಷೆಯದು ಇನ್ನೊಂದು ಕಥೆ. ಕನ್ನಡದ ರಾಜಧಾನಿಗೆ ಬಂದೆನೆಂದು ಬೀಗಿದ್ದೆ. ಹಲಸೂರಿನ ಬಜಾರಿನಲ್ಲಿ ತಮಿಳು, ಶಿವಾಜಿನಗರದಲ್ಲಿ ಬಸ್ಸಿಳಿದರೆ ದಖ್ಖನಿ, ಇಂದಿರಾನಗರದಲ್ಲಿ ಇಂಗ್ಲಿಷು. ನಾನು ಬಾಯಿ ಬಿಟ್ಟರೆ ಕನ್ನಡದವರೇ, “ಮೇಡಂ ಹುಬ್ಳಿ ಕಡೆಯೋರಾ?” ಎಂದು ನಗುತ್ತಿದ್ದರು. ನಾನು ಮೊದಲು ಕಲಿತದ್ದೆಲ್ಲ ಬೇಡ, ಇಲ್ಲ ಎನ್ನುವ ಮಾತುಗಳೇ. ತರಕಾರಿಯವಳಿಗೆ ವೇಂಡಾಂ, ಆಟೋದವನಿಗೆ ನಕ್ಕೋ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಆಸಿಫ್ ಶಿವಾಜಿನಗರದವನು, ನನಗಿಂತ ಹತ್ತು ವರ್ಷ ಚಿಕ್ಕವನು. ಜೋಳದ ಹಿಟ್ಟು ಸಿಗುವ ಗಿರಣಿಯನ್ನು ಅವನೇ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ತೋರಿಸಿಕೊಟ್ಟ. “ಅಕ್ಕಾ, ನೀವು ಬಂದ್ಮೇಲೆ ಅವ್ನು ವಾರಕ್ಕೊಂದ್ಸಲ ಜೋಳ ಬೀಸ್ತಾನೆ, ನೋಡಿ ನಿಮ್ಮ ಪವರ್ರು,” ಎನ್ನುತ್ತಿದ್ದ. ಮನೆಯವರನ್ನು ಬಿಟ್ಟು ಬಂದವಳಿಗೆ ಅಂಥ ಒಂದು ಅಕ್ಕಾ ಎಷ್ಟು ದಿನಕ್ಕೆ ಸಾಲುತ್ತದೆಂದು ಬಿಟ್ಟು ಬಂದವರಿಗೇ ಗೊತ್ತು.

ನಮ್ಮ ಕಡೆ ಬೌದ್ಧರೆಂದರೆ ಮುಂಡಗೋಡಿನ ಟಿಬೆಟಿಯನ್ನರು, ಚಳಿಗಾಲದಲ್ಲಿ ಸ್ವೆಟರು ಮಾರಲು ಬರುವವರು. ಧನಮ್ಮನ ಮನೆಯಲ್ಲಿ ಬುದ್ಧನ ಪಟ ನೋಡಿ ನಾನು ಯಾರೋ ಕೊಟ್ಟ ಉಡುಗೊರೆ ಎಂದುಕೊಂಡಿದ್ದೆ. ಅವರ ಅಜ್ಜನ ಕಾಲದಲ್ಲೇ ಗಣಿಯ ಎಷ್ಟೋ ತಮಿಳು ಕುಟುಂಬಗಳು ಬೌದ್ಧರಾಗಿದ್ದವಂತೆ. ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು, ಪಟದ ಮುಂದೆ ದೀಪ ಹಚ್ಚಿ, ತಮಿಳಿನಲ್ಲಿ ಪಂಚಶೀಲ ಹೇಳಿಕೊಂಡು, ಪಾಯಸದ ಲೋಟ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ನಾನು ಸೋಮವಾರ ಹಣೆಗೆ ಈಬತ್ತಿ ಹಚ್ಚಿ ಪೂಜೆಗೆ ಕೂತರೆ ಕೆಳಗೆ ರೇಡಿಯೋ ಸದ್ದು ತಗ್ಗಿಸುತ್ತಿದ್ದರು. ಇಂಥದ್ದಕ್ಕೆ ಗದಗಿನ ನಮ್ಮ ಓಣಿಯಲ್ಲಿ ಒಂದು ಪಂಚಾಯಿತಿಯೇ ಕೂಡಬೇಕಾಗುತ್ತಿತ್ತು.

ಗಂಡನ ಜೊತೆ ಮಾತು ರವಿವಾರ. ನಮ್ಮವರು ಗದಗಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು, ಹೆಸರು ಶಿವಾನಂದ. ಕೆರೆಯ ದಂಡೆಯ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಎಳೆದುಕೊಂಡು ನಾನು ಫೋನು ಮಾಡುತ್ತಿದ್ದೆ. ಅವರು ಆ ಕಡೆಯಿಂದ ಪ್ರತಿ ಸಲ ಒಂದೇ ಮಾತಿನಿಂದ ಶುರು ಮಾಡುತ್ತಿದ್ದರು: “ಸಿಕ್ಕೇತೇನ ನಿನ್ನ ಕಣ?” ನಾನು, “ಇಲ್ಲರೀ,” ಎನ್ನುತ್ತಿದ್ದೆ. ಆಮೇಲೆ ಉಪ್ಪು ಹುಳಿ ಮಾತು. ಚೇಷ್ಟೆಯಾಗಿ ಶುರುವಾದ ಆ ಪ್ರಶ್ನೆ ಎರಡನೆಯ ವರ್ಷದ ಹೊತ್ತಿಗೆ ಚೇಷ್ಟೆಯಾಗಿ ಕೇಳುತ್ತಿರಲಿಲ್ಲ.

ಮೂರನೆಯ ವರ್ಷ ನನ್ನ ರಜೆ ಮುಗಿಯುತ್ತಾ ಬಂದಾಗ ನಮ್ಮ ಗುಂಪಿಗೆ ಒಂದು ಪರೀಕ್ಷೆ ಎದುರಾಯಿತು. ಅದು ನಮ್ಮ ಕಸುಬಿನವರ ಒಂದು ಪದ್ಧತಿ, ಸ್ವಲ್ಪ ವಿವರಿಸಬೇಕು. ಯಂತ್ರ ಇನ್ನೂ ಇಲ್ಲವಾದ್ದರಿಂದ ಅದರ ಡಿಕ್ಕಿಗಳನ್ನು ಕಂಪ್ಯೂಟರಿನಲ್ಲೇ ಸೃಷ್ಟಿಸುತ್ತಾರೆ, ಲಕ್ಷಗಟ್ಟಲೆ. ದೂರದ ಒಂದು ಗುಂಪಿನವರು ಅವುಗಳೊಳಗೆ ತಾವೇ ಕಲ್ಪಿಸಿದ ಹೊಸ ಕಣವೊಂದರ ಗುರುತುಗಳನ್ನು ಬೆರೆಸಿ, ಕಟ್ಟು ಕಟ್ಟಿ, ಬೇರೆ ಬೇರೆ ದೇಶದ ಗುಂಪುಗಳಿಗೆ ಕಳಿಸುತ್ತಾರೆ. ಬಚ್ಚಿಟ್ಟವರು ಬಾಯಿ ಬಿಡುವಂತಿಲ್ಲ, ಹುಡುಕುವವರು ಕೇಳುವಂತಿಲ್ಲ. ಹುಡುಕುವವರಿಗೆ ಸಿಕ್ಕರೆ, ಆ ಅಳತೆಯ ಯಂತ್ರ ಕಟ್ಟಿದರೆ ಪ್ರಯೋಜನವಿದೆ ಎಂದು ಅರ್ಥ.

ಹುಡುಕುವುದೆಂದರೆ ಜರಡಿ ಹಿಡಿಯುವುದು. ಹಳೆಯ, ಗೊತ್ತಿರುವ ಡಿಕ್ಕಿಗಳು ಹಿಟ್ಟಿನಂತೆ ಸೋರಿಹೋಗಬೇಕು, ಹೊಸತೇನಾದರೂ ಇದ್ದರೆ ಮೇಲೆ ಉಳಿಯಬೇಕು. ಒಂದೇ ಒಂದು ನಿಯಮ: ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕೆಂದು ಬೇರೆ ಅಭ್ಯಾಸದ ರಾಶಿಯ ಮೇಲೆ ಮೊದಲೇ ನಿರ್ಧರಿಸಿ ಬರೆದಿಡಬೇಕು. ನಿಜವಾದ ಕಟ್ಟು ಬಿಚ್ಚಿದ ಮೇಲೆ ಕಣ್ಣು ತಿದ್ದುವಂತಿಲ್ಲ. ತಿದ್ದುತ್ತಾ ಹೋದರೆ ಬೇಕಾದ್ದನ್ನು ಉಳಿಸಿಕೊಳ್ಳಬಹುದು.

ನಮ್ಮ ಗುಂಪಿನ ಹಿರಿಯರು ಸಂಪತ್ ಸರ್. ಬಾಣಸವಾಡಿಯಿಂದ ಹಳೆಯ ಸ್ಕೂಟರಿನಲ್ಲಿ ಬರುತ್ತಿದ್ದರು, ನಿವೃತ್ತಿಯ ಅಂಚಿನಲ್ಲಿದ್ದರು. ನನ್ನನ್ನೂ ಆಸಿಫನನ್ನೂ ಕೂರಿಸಿಕೊಂಡು ಸುತ್ತುಬಳಸಿಲ್ಲದೆ ಹೇಳಿದರು. “ನೋಡಿ, ಬಚ್ಚಿಟ್ಟಿದ್ದನ್ನ ನಾವು ಹುಡುಕಿ ತೋರಿಸ್ಬಿಟ್ರೆ ದೊಡ್ಡ ವರದೀಲಿ ನಮ್ಗೊಂದು ಜಾಗ ಸಿಗುತ್ತೆ. ಗುಂಪು ಉಳ್ಕೊಳುತ್ತೆ, ನೀಲಾ ಅವ್ರೇ, ನೀವೂ ಇಲ್ಲೇ ಇರ್ಬಹುದು. ಆಗ್ಲಿಲ್ಲ ಅಂದ್ರೆ ಇದನ್ನ ಮುಚ್ತಾರೆ.” ಮುಚ್ಚಿದರೆ ನಾನು ಗದಗಿಗೆ, ನನ್ನ ಹಳೆಯ ಕೆಲಸಕ್ಕೆ.

ನನಗೆ ಇರಬೇಕಾಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಗಂಡನನ್ನು ನೆನೆದರೆ ಕರುಳು ಕಿತ್ತು ಬರುತ್ತಿತ್ತು, ಆದರೂ ಇರಬೇಕಾಗಿತ್ತು. ಹದಿನಾಲ್ಕು ವರ್ಷ ನಾನು ಹುಡುಗರಿಗೆ ಬೇರೆಯವರು ಕಂಡುಹಿಡಿದದ್ದನ್ನು ಬರೆಸಿದ್ದೆ. ಇಲ್ಲಿ ಮೊದಲ ಬಾರಿ, ಯಾರಿಗೂ ಗೊತ್ತಿರದ್ದನ್ನು ಹುಡುಕುವವರ ಸಾಲಿನ ತುದಿಯಲ್ಲಿ ನಿಂತಿದ್ದೆ.

ಇಬ್ಬರೂ ಬೇರೆ ಬೇರೆಯಾಗಿ ಹುಡುಕಿದೆವು. ನನ್ನ ಜರಡಿಯ ಮೇಲೆ ಏನೂ ಉಳಿಯಲಿಲ್ಲ. ಆಸಿಫ್ ಮಾತ್ರ ಒಂದು ಮಧ್ಯಾಹ್ನ ಊಟದ ಡಬ್ಬಿ ಅಲ್ಲೇ ಬಿಟ್ಟು ಓಡಿ ಬಂದ. “ಅಕ್ಕಾ, ಸಿಕ್ಬಿಡ್ತು. ಬನ್ನಿ, ಇಲ್ನೋಡಿ.” ಪರದೆಯ ಮೇಲೆ ಇಳಿಜಾರಿನ ಗೆರೆಯ ನಡುವೆ ಪುಟ್ಟದೊಂದು ದಿಬ್ಬ ಎದ್ದಿತ್ತು. ಹೊಸ ಕಣವಿದ್ದರೆ ಎದ್ದೇಳಬೇಕಾದದ್ದು ಅಂಥ ದಿಬ್ಬವೇ. ಸಂಪತ್ ಸರ್ ಬಂದು ಕನ್ನಡಕ ಒರೆಸಿ ಒರೆಸಿ ನೋಡಿದರು.

ಸಂಜೆ ನಾನು ಕೇಳಿದೆ. “ಆಸಿಫ್, ಕಟ್ಟು ಬಿಚ್ಚಿದ ಮೇಲೆ ಜರಡಿ ತಿದ್ದಿದಿಯೇನಪ್ಪಾ?”

ಅವನು ಸುಳ್ಳು ಹೇಳುವ ಹುಡುಗನಲ್ಲ. “ಸ್ವಲ್ಪ ಅಕ್ಕಾ. ಅಲ್ಲಿ ಏನೋ ಇರೋ ಥರ ಕಾಣ್ತಿತ್ತು, ಅದಕ್ಕೆ ಕಣ್ಣು ಬಿಗಿ ಮಾಡ್ದೆ. ಬಿಗಿ ಮಾಡಿದ್ಹಾಗೆ ಜಾಸ್ತಿ ಆಯ್ತು. ಇರ್ಲಿಲ್ಲ ಅಂದ್ರೆ ಜಾಸ್ತಿ ಯಾಕಾಗುತ್ತೆ?”

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಾನು ಹೇಳಲಿಲ್ಲ, ಆದರೆ ಅದೇ ನೆನಪಾಯಿತು. ಇದು ಕಳ್ಳತನವಲ್ಲ, ನಮ್ಮ ಕಸುಬಿನ ರೋಗ. ಎಲ್ಲೋ ಒಂದು ಕಡೆ ಹತ್ತು ಡಿಕ್ಕಿ ಹೆಚ್ಚಿಗೆ ಬಿದ್ದಿರುತ್ತವೆ, ಸುಮ್ಮನೆ, ಕೈ ತಪ್ಪಿ ಚೆಲ್ಲಿದ ಕಾಳಿನ ಹಾಗೆ. ಅದನ್ನೇ ನೋಡುತ್ತಾ ಅದು ಹೆಚ್ಚುವಂತೆ ಜರಡಿ ತಿದ್ದಿದರೆ ಅದು ಹೆಚ್ಚುತ್ತದೆ. ಸಂಪತ್ ಸರ್‌ಗೆ ಹೇಳಿದೆ. ಅವರು, “ಇನ್ನೊಂದ್ಸಲ ನೋಡಿ ನೀಲಾ ಅವ್ರೇ. ಉತ್ರ ಕಳ್ಸೋಕೆ ಸೋಮವಾರದವರ್ಗೂ ಟೈಮಿದೆ,” ಎಂದರು. ಅವರ ದನಿಯಲ್ಲಿ ಆಜ್ಞೆ ಇರಲಿಲ್ಲ, ಬೇಡಿಕೆ ಇತ್ತು. ಅದೇ ಕಷ್ಟವಾಯಿತು.

ಆ ಶನಿವಾರ ಹುಣ್ಣಿಮೆ. ಧನಮ್ಮ ಪಾಯಸ ತಂದರು. ನನ್ನ ಮುಖ ನೋಡಿ ಹೊಸ್ತಿಲ ಮೇಲೆ ಕೂತರು. ಏನಾಯಿತೆಂದು ಕೇಳಿದ್ದಕ್ಕೆ ನಾನು ಸಿಡುಕಿಕೊಂಡೇ ಹೇಳಿದೆ: ಒಂದು ವಸ್ತು ಇದೆ ಎಂದರೆ ಎಲ್ಲರಿಗೂ ಸಂತೋಷ, ಇಲ್ಲ ಎಂದರೆ ನಾನು ಊರಿಗೆ ಹೋಗಬೇಕು.

ಧನಮ್ಮ ಲೋಟ ಕೆಳಗಿಟ್ಟರು. “ನಮ್ಮೋರೂ ಇದೇ ಕೆಲ್ಸಾನೇ ಮಾಡಿದ್ರು, ನಾಲ್ಕು ವರ್ಷ.”

ನಾನು ಗಣಿ ಕೆಲಸವೆಂದುಕೊಂಡೆ. ಅವರು ಹೇಳಿದ್ದು ಬೇರೆ. ಗಣಿಯ ಎರಡು ಕಿಲೋಮೀಟರು ಆಳದಲ್ಲಿ, ಚಿನ್ನ ತೆಗೆದು ಬಿಟ್ಟ ಸುರಂಗವೊಂದರಲ್ಲಿ, ವಿಜ್ಞಾನಿಗಳು ಕಬ್ಬಿಣದ ದೊಡ್ಡ ರಾಶಿ ಕಟ್ಟಿ ಕೂತಿದ್ದರು. ಪುಸ್ತಕದಲ್ಲಿ ಓದಿ ನಾನು ಬಲ್ಲೆ: ಎಲ್ಲ ವಸ್ತುವಿನ ಗರ್ಭದಲ್ಲಿರುವ ಪ್ರೋಟಾನು ಎಂದಾದರೂ ತಾನಾಗಿ ಸಾಯುತ್ತದೆಯೇ ಎಂದು ವರ್ಷಗಟ್ಟಲೆ ಕಾದರು. ಆ ಕಬ್ಬಿಣವನ್ನು ಗಣಿಯ ಪಂಜರದಲ್ಲಿ, ಅಂದರೆ ಅಲ್ಲಿನ ಲಿಫ್ಟಿನಲ್ಲಿ, ಇಳಿಸಿ ಜೋಡಿಸಿದ ಆಳುಗಳಲ್ಲಿ ಧನಮ್ಮನ ಗಂಡನೂ ಒಬ್ಬರು.

“ದಿನಾ ಮನೇಗ್ ಬಂದ್ಮೇಲೆ ಕೇಳ್ತಿದ್ದೆ, ಸತ್ತೋಯ್ತಾ ಅಂತ. ಇಲ್ಲ ಅಂತಿದ್ರು. ಮಾರ್ನೆ ದಿನ ಮತ್ತೆ ಇಳ್ಯೋರು. ಅವ್ರಿಗೆ ಆಮೇಲೆ ದಮ್ಮು ಬಂತು, ಆ ವಿಜ್ಞಾನಿಗಳೂ ಹೊಂಟೋದ್ರು. ಇವಾಗ ಗಣೀನೇ ಇಲ್ಲ, ನೀರ್ ತುಂಬ್ಕೊಂಡೈತೆ.” ಆಮೇಲೆ ಬೇಸರದಿಂದ, “ಇಲ್ಲ ಅನ್ನೋಕೆ ಅಷ್ಟು ಕೆಳ್ಗೆ ಇಳೀಬೇಕಾಗಿತ್ತಾ ಟೀಚರಮ್ಮ? ಮೇಲೆ ಕೂತ್ಕೊಂಡೇ ಹೇಳ್ಬೋದಾಗಿತ್ತಲ್ಲ,” ಎಂದರು.

ಅವರು ನನಗೆ ಬುದ್ಧಿ ಹೇಳಲು ಬಂದಿರಲಿಲ್ಲ. ಗಂಡನನ್ನು ನುಂಗಿದ ಕೆಲಸದ ಮೇಲಿನ ಸಿಟ್ಟು ಅದು. ಆದರೂ ನಾನು ತಡೆಯಲಾರದೆ, “ಮೇಲೆ ಕೂತು ಹೇಳಿದ್ರೆ ಅದು ಬರೀ ಮಾತಾಗ್ತಿತ್ತು, ಅಮ್ಮಾ. ಇಳಿದು ನೋಡಿ ಬಂದು ಹೇಳಿದ್ರಲ್ಲ, ಅದಕ್ಕೇ ಜಗತ್ತಿನವರು ನಂಬಿದ್ರು,” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. “ನಂಬಿದ್ರಾ?” ಎಂದರು. ನಂಬಿದರು ಎಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋದರು. ಪಾಯಸ ಆರಿಹೋಗಿತ್ತು, ಕುಡಿದೆ.

ಸೋಮವಾರ ನಾನು ಸಂಪತ್ ಸರ್‌ಗೆ ಹೇಳಿದೆ: ನನ್ನ ಉತ್ತರ ಇಲ್ಲ ಎಂದೇ, ದಿಬ್ಬವಿದೆ ಎಂದು ಕಳಿಸುವುದಾದರೆ ಅದರ ಮೇಲೆ ನನ್ನ ಹೆಸರು ಬೇಡ. ಆಸಿಫ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಸಂಪತ್ ಸರ್ ನಿಧಾನವಾಗಿ ಕೀಲಿಮಣೆಯ ಮೇಲೆ ಬೆರಳಾಡಿಸಿದರು. ಈ ಕಟ್ಟಿನಲ್ಲಿ ನಮಗೆ ಹೊಸದೇನೂ ಕಂಡಿಲ್ಲ ಎಂಬ ಒಂದೇ ಸಾಲು. ಕಳಿಸಿದ ಮೇಲೆ, “ಮೂವತ್ತು ವರ್ಷ ಇದನ್ನೇ ಬರೆದಿದೀನಿ. ಈ ಸಲ ಬೇರೆ ಬರೀಬೇಕು ಅಂತ ಆಸೆಯಿತ್ತು,” ಎಂದು ಎದ್ದು ಹೋದರು. ನಾನು ಮನೆಗೆ ಬಂದು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದೆ.

ಉತ್ತರ ಬಂದದ್ದು ಮಳೆಗಾಲ ಹಿಡಿದ ಮೇಲೆ. ನಮಗೆ ಬಂದ ಕಟ್ಟಿನಲ್ಲಿ ಬಚ್ಚಿಟ್ಟವರು ಏನನ್ನೂ ಬಚ್ಚಿಟ್ಟಿರಲಿಲ್ಲ. ಬೇಕೆಂದೇ ಬರಿದಾಗಿ ಕಟ್ಟಿದ ಕಟ್ಟು ಅದು, ಹುಡುಕುವವರನ್ನು ಅಳೆಯಲು. ಅದೇ ಕಟ್ಟು ಬೇರೆ ಗುಂಪುಗಳಿಗೂ ಹೋಗಿತ್ತು, ಅವರಲ್ಲಿ ಹಲವರಿಗೆ ಏನೇನೋ ಸಿಕ್ಕಿತ್ತು. ನಮ್ಮ ಗುಂಪಿಗೆ ವರದಿಯಲ್ಲಿ ಜಾಗ ಸಿಕ್ಕಿತು. ಜೊತೆಗೆ ಒಂದು ಕೋರಿಕೆ: ಇಲ್ಲ ಎಂದು ಹೇಳಿದವರು ಯಾರೋ ಅವರು ಮುಂದಿನ ಸಲ ಬಚ್ಚಿಡುವವರ ಜೊತೆ ಸೇರಲಿ. ಆಸಿಫ್ ಓದಿ, “ಅಕ್ಕಾ, ಕಳ್ಳರ ಕಡೆ ಪ್ರಮೋಷನ್ನು,” ಎಂದು ನನ್ನ ಕೈ ಹಿಡಿದು ಕುಲುಕಿದ. ಅವನ ಕಣ್ಣು ತುಂಬಿತ್ತು. ಸಂಪತ್ ಸರ್ ನಮ್ಮನ್ನು ಹಲಸೂರಿನ ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದರು. ಅವರು ಮಾತ್ರ ಅರ್ಧ ತಿಂದು ಬಿಟ್ಟರು.

ನಾನು ಇರಬಹುದಾಗಿತ್ತು. ಆದರೆ ಗದಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಕಿತ್ತು, ರಜೆಯನ್ನು ಇನ್ನು ಯಾರೂ ಎಳೆಯುವಂತಿರಲಿಲ್ಲ. ಆ ರವಿವಾರ ಬೂತಿನ ಬಾಗಿಲೆಳೆದುಕೊಂಡು ಎಲ್ಲ ಹೇಳಿದೆ. ಆ ಕಡೆಯಿಂದ ನಮ್ಮ ಮನೆಯ ಗಡಿಯಾರದ ಟಿಕ್ ಟಿಕ್ ನನಗೆ ಕೇಳಿಸಿತು.

“ಒಂದು ಕೇಳ್ತೀನಿ. ಆ ಯಂತ್ರ ನಾವು ಇರೂತನಕ ಬರ್ತದೇನ?” ಎಂದರು.

ಯಾವ ದೇಶವೂ ಇನ್ನೂ ಒಪ್ಪಿರಲಿಲ್ಲ. ಒಪ್ಪಿ, ಅಗೆದು, ಕಟ್ಟಿ, ಚಾಲೂ ಆಗುವ ಹೊತ್ತಿಗೆ ನಾನು ಕೆಲಸದಿಂದ ನಿವೃತ್ತಳಾಗಿರುತ್ತೇನೆ, ಬದುಕಿದ್ದರೆ. “ನನಗೇನೋ ಇಲ್ಲ ಅನಸ್ತದ್ರೀ,” ಎಂದೆ.

“ಗೊತ್ತಿದ್ದೂ ಇರಾಕಿ?”

“ಹೂಂರೀ.”

“ಹಂಗಾರ ರಾಜೀನಾಮೆ ಬರದು ಕಳಸು. ಪೋಸ್ಟಿನಾಗ ಬ್ಯಾಡ, ಕಳದೀತು. ನನಗ ಕಳಸು, ನಾನ ಹೋಗಿ ಕಾಲೇಜಿಗೆ ಕೊಟ್ಟು ಬರ್ತೀನಿ,” ಎಂದರು. ಪೋಸ್ಟಿನಲ್ಲಲ್ಲದೆ ಅವರಿಗೆ ಹೇಗೆ ಕಳಿಸಲಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಇಬ್ಬರೂ ಅಳುತ್ತಿದ್ದೆವು. ಕೊನೆಗೆ ಅದನ್ನು ನಾನೇ ಗದಗಿಗೆ ತೆಗೆದುಕೊಂಡು ಹೋದೆ, ಅವರು ನನ್ನ ಜೊತೆ ಕಾಲೇಜಿನ ಗೇಟಿನವರೆಗೆ ಬಂದು ಹೊರಗೆ ನಿಂತರು.

ಅವತ್ತಿನಿಂದ ಈಚೆಗೆ ಹಲಸೂರು ಬಹಳ ಬದಲಾಗಿದೆ. ಮೆಟ್ರೋ ಕಂಬಗಳಿಗಾಗಿ ಅಗೆಯುತ್ತಿದ್ದಾರೆ, ಬೂತು ಹೋಗಿ ಮೊಬೈಲು ಅಂಗಡಿ ಬಂದಿದೆ. ಮಾರತ್ತಹಳ್ಳಿ, ಮಹದೇವಪುರದ ಕಡೆ ಗಾಜಿನ ಕಟ್ಟಡಗಳೆದ್ದು, ನಮ್ಮ ಕಡೆಯ ಹುಡುಗರು ಅಲ್ಲಿಂದ ಫೋನು ಮಾಡಿ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳುತ್ತಾರೆ. ಸಂಪತ್ ಸರ್ ಈಗಿಲ್ಲ. ವೈಶಾಖ ಹುಣ್ಣಿಮೆಗೆ ಧನಮ್ಮನ ಜೊತೆ ಕೆ.ಆರ್.ಪುರದಲ್ಲಿ ರೈಲು ಹತ್ತಿ ಮಾರಿಕುಪ್ಪಂಗೆ ಹೋಗುತ್ತೇನೆ. ಎದುರಿಗೆ ಬರುವ ರೈಲಿನಲ್ಲಿ ಗಣಿ ಮುಚ್ಚಿದ ಮೇಲೆ ದಿನಾ ಬೆಂಗಳೂರಿಗೆ ದುಡಿಯಲು ಬರುವವರು ಬಾಗಿಲಿಗೆ ಜೋತುಬಿದ್ದಿರುತ್ತಾರೆ. ಅಲ್ಲಿನವರಿಗೆ ನನ್ನನ್ನು ಪರಿಚಯಿಸುವಾಗ ಧನಮ್ಮ ತಪ್ಪದೆ, “ಇವ್ರು ಮೇಲೆ ಕೆಲ್ಸ,” ಎನ್ನುತ್ತಾರೆ. ಯಂತ್ರ ಇನ್ನೂ ಕಟ್ಟಿಲ್ಲ. ವರದಿಗಳು ದಪ್ಪವಾಗುತ್ತಿವೆ, ದೇಶಗಳು ಒಂದರ ಮುಖ ಒಂದು ನೋಡುತ್ತಿವೆ. ನಾನು ಬಚ್ಚಿಡುತ್ತೇನೆ, ದೂರದ ಯಾರೋ ಹುಡುಕುತ್ತಾರೆ. ನಡುನಡುವೆ ಒಂದು ಬರಿಯ ಕಟ್ಟು ಕಟ್ಟಲು ಮರೆಯುವುದಿಲ್ಲ.

ಗದಗಿಗೆ ಹೋದರೆ ಓಣಿಯವರು, “ಯಾವಾಗ ಬಂದ್ರಿ? ಮತ್ತ ಯಾವಾಗ ಹೊಂಟ್ರಿ?” ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಹಲಸೂರಿನಲ್ಲಿ ಹಬ್ಬ ಹತ್ತಿರವಾದರೆ, “ಊರಿಗೆ ಯಾವಾಗ ಹೋಗ್ತೀರಾ ಟೀಚರಮ್ಮ?” ಎಂಬ ಪ್ರಶ್ನೆ. ಎರಡೂ ಕಡೆ ನನ್ನ ಚೀಲದ ಮೇಲೇ ಎಲ್ಲರ ಕಣ್ಣು.

ಕಳೆದ ಬೇಸಿಗೆಯಲ್ಲಿ ಗದಗಿಗೆ ಹೋದಾಗ ನಮ್ಮ ಪಡಸಾಲೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಅದರ ಉದ್ದಕ್ಕೂ ಒಂದು ಚಿತ್ರ. ಮೇಲೆ ಕಪ್ಪತಗುಡ್ಡ, ಅದರ ಮೇಲಿನ ಗಾಳಿಯಂತ್ರಗಳು, ಎರೆಹೊಲ. ಕೆಳಗೆ, ನೆಲದೊಳಗೆ, ಗೋಡೆಯ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಒಂದು ಸುರಂಗ. ಫೋನಿನಲ್ಲಿ ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಅಲ್ಲಿತ್ತು: ಎರಡು ಕಡೆಯಿಂದ ಓಡಿ ಬರುವ ಕಣಗಳು, ನಡುಮಧ್ಯ ಡಿಕ್ಕಿಯ ಜಾಗ, ಸುತ್ತ ಕಬ್ಬಿಣ.

“ಎಲ್ಲಿ ಕಟ್ಟೂದು ಇನ್ನೂ ಗೊತ್ತಿಲ್ಲ ಅಂತೀ ಪ್ರತಿ ಸಲ. ನಾ ಇಲ್ಲೇ ಕಟ್ಟೀನಿ ನೋಡು,” ಎಂದರು ನಮ್ಮವರು.

ಡಿಕ್ಕಿಯ ಜಾಗಕ್ಕೆ ಸರಿಯಾಗಿ ನೆಲದ ಮೇಲೊಂದು ಮನೆ ಬರೆದಿದ್ದರು. ಮಾಡು ನಮ್ಮ ಗದಗಿನ ಮಾಳಿಗೆಯದು. ಪಕ್ಕದಲ್ಲಿ ಸುತ್ತಿ ಸುತ್ತಿ ಹತ್ತುವ ಕಬ್ಬಿಣದ ಮೆಟ್ಟಿಲು, ಧನಮ್ಮನ ಮನೆಯದು; ಒಮ್ಮೆ ಬಂದಾಗ ನೋಡಿದ್ದನ್ನು ನೆನಪಿಟ್ಟು ಬರೆದಿದ್ದರು. ನಾನು ಹತ್ತಿರ ಹೋಗಿ ನೋಡಿದೆ. ಕಿಟಕಿ ಇತ್ತು, ಬಾಗಿಲಿರಲಿಲ್ಲ.

“ಇದರ ಬಾಗಲಾ ಎಲ್ಲೈತ್ರೀ?” ಎಂದೆ.

“ಈ ಕಡಿ ಬರೀಬೇಕೋ ಆ ಕಡಿ ಬರೀಬೇಕೋ ತಿಳೀಲಿಲ್ಲ. ನೀ ಬಂದ ಮ್ಯಾಲ ಕೇಳಿ ಬರದ್ರಾತು ಅಂತ ಬಿಟ್ಟೀನಿ,” ಎಂದು ಬಣ್ಣದ ಕುಂಚ ಹಿಡಿದು ನಿಂತರು.

ಸಂಜೆಯ ರೈಲಿಗೆ ನನ್ನ ಟಿಕೆಟು ಆಗಿತ್ತು. ಇಲ್ಲ ಎಂದು ಹೇಳುವುದನ್ನೇ ಕಸುಬು ಮಾಡಿಕೊಂಡವಳು ಅವತ್ತು ಯಾವ ಕಡೆಗೂ ಇಲ್ಲ ಎನ್ನಲಾರದೆ ಗೋಡೆಯ ಮುಂದೆ ಕೂತೆ. ಕುಂಚದ ಬಣ್ಣ ಒಣಗಿತು, ಅವರು ಅದನ್ನು ತೊಳೆದಿಟ್ಟು ನನ್ನ ಚೀಲ ಎತ್ತಿಕೊಂಡರು. ಆ ಮನೆಗೆ ಇನ್ನೂ ಬಾಗಿಲಿಲ್ಲ.